ಎಲ್‌ಎಲ್‌ಬಿಗೆ ಎಷ್ಟು ವರ್ಷ? ತುಮಕೂರಿನ ವಿದ್ಯಾರ್ಥಿಗಳಿಗೊಂದು ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿದಲ್ಲಿಂದ ಎಣಿಸಿದರೆ ಕಾನೂನು ಪದವಿಗೆ ಏಳು ಇಲ್ಲವೇ ಎಂಟು ವರ್ಷ. ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಅಥವಾ ಬಿಬಿಎ ಎಲ್‌ಎಲ್‌ಬಿ ಸೇರಿದರೆ ಏಳು. ಮೂರು ವರ್ಷದ ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದಿದರೆ ಎಂಟು. ಕಾಗದದ ಲೆಕ್ಕ ಇಷ್ಟೇ. ನಿಮ್ಮ ಹೆಸರಿನಲ್ಲಿ ವಕಾಲತ್ತು ಹಾಕುವ ಹೊತ್ತಿಗೆ ಇನ್ನೊಂದಷ್ಟು ತಿಂಗಳು, ಕೆಲವರಿಗೆ ವರ್ಷವೇ ಸೇರಿಕೊಳ್ಳುತ್ತದೆ. ಅದು ಎಲ್ಲೆಲ್ಲಿ ಸೇರುತ್ತದೆಂದು ಮೊದಲೇ ಗೊತ್ತಿದ್ದರೆ ಬಹುಪಾಲು ತಪ್ಪಿಸಬಹುದು.

ಒಂದು ವರ್ಷ ಉಳಿಯುತ್ತದೆಂಬ ಒಂದೇ ಆಸೆಗೆ ಐದು ವರ್ಷದ ಕೋರ್ಸಿಗೆ ಬೀಳಬೇಡಿ. ಮೂರನೇ ವರ್ಷದಲ್ಲಿ ಸಾಕಾಗಿ ಬಿಟ್ಟರೆ ಬಿಎ ಕೂಡ ಕೈಗೆ ಬರುವುದಿಲ್ಲ. ಕೋರ್ಸನ್ನು ಒಡೆದು ಅರ್ಧ ಪದವಿ ಕೊಡುವುದಕ್ಕೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ಅವಕಾಶ ಕೊಟ್ಟಿಲ್ಲ. ಬಿಎ ಮುಗಿಸಿದವರು ನೇರವಾಗಿ ಅದರ ಮೂರನೇ ವರ್ಷಕ್ಕೆ ಸೇರುವಂತೆಯೂ ಇಲ್ಲ. ವಕೀಲಿಕೆಯೇ ಬೇಕೆಂದು ಪಿಯುಸಿಯಲ್ಲೇ ಗಟ್ಟಿ ಮಾಡಿಕೊಂಡವರಿಗೆ ಐದು ವರ್ಷ ಸರಿ. ಕೆಎಎಸ್ಸೋ, ಬ್ಯಾಂಕೋ, ಬಿ.ಇಡಿಯೋ ಎಂದು ಮನಸ್ಸು ಇನ್ನೂ ಹೊಯ್ದಾಡುತ್ತಿದ್ದರೆ ಡಿಗ್ರಿಯೇ ಮೊದಲಾಗಲಿ.

ಎರಡು ದಾರಿಗೂ ಕನಿಷ್ಠ ಅಂಕ ಒಂದೇ: ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40. ಐದು ವರ್ಷದ ಕೋರ್ಸಿಗೆ ಇದನ್ನು ಪಿಯುಸಿಯಲ್ಲಿ, ಮೂರು ವರ್ಷದ್ದಕ್ಕೆ ಡಿಗ್ರಿಯಲ್ಲಿ ನೋಡುತ್ತಾರೆ. ಶೇ 44.8 ಬಂದಿದ್ದರೆ ಯಾರೋ ದುಂಡಗೆ ಮಾಡಿಕೊಳ್ಳುತ್ತಾರೆಂದು ನಂಬಿ ಶುಲ್ಕ ಕಟ್ಟಬೇಡಿ. ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ಆದರೆ ಪಿಯುಸಿ ಇಲ್ಲದೆ ವಯಸ್ಸಿನ ಆಧಾರದಲ್ಲಿ ನೇರ ಪದವಿ ಪಡೆದಿದ್ದರೆ ಅದು ಇಲ್ಲಿ ನಡೆಯುವುದಿಲ್ಲ.

ಪಾವಗಡ, ಮಧುಗಿರಿ ಕಡೆಯಿಂದ ಹಿಂದೂಪುರಕ್ಕೆ ಹೋಗಿ ಓದಿದವರಿಗೆ ಇನ್ನೊಂದು ಕೆಲಸವಿದೆ. ಹೊರ ರಾಜ್ಯದ ಮಾರ್ಕ್ಸ್ ಕಾರ್ಡ್ ಇದ್ದರೆ ಟಿಸಿ ಸಾಲದು, ಮೈಗ್ರೇಷನ್ ಮತ್ತು ಅರ್ಹತಾ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕಿ. ಇದಕ್ಕಾಗಿ ಕಾದು ಸೀಟು ತಪ್ಪಿದರೆ ಹೋಗುವುದು ಒಂದು ತಿಂಗಳಲ್ಲ, ಇಡೀ ವರ್ಷ.

ತುಮಕೂರಿನ ವಿದ್ಯೋದಯದಂಥ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಮೂರು ವರ್ಷಕ್ಕೆ ಆರು ಸೆಮಿಸ್ಟರ್, ಐದಕ್ಕೆ ಹತ್ತು. ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು. ಹಾಗೆ ಬರೆಯುವವರು ಸೆಕ್ಷನ್‌ಗಳನ್ನು ಇಂಗ್ಲಿಷಿನಲ್ಲೂ ಓದಿಕೊಂಡಿರುವುದು ಮೇಲು, ಹೈಕೋರ್ಟಿನ ತೀರ್ಪುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತವೆ.

ಹೆಚ್ಚು ಜನ ಎಡವುವುದು ಹಾಜರಾತಿಯಲ್ಲಿ. ಪ್ರತಿ ವಿಷಯಕ್ಕೂ ಬೇರೆಬೇರೆಯಾಗಿ ಶೇ 70 ಇರಬೇಕು. ಒಂದು ವಿಷಯಕ್ಕೆ 60 ತರಗತಿ ನಡೆದರೆ 42ಕ್ಕೆ ಕೂತಿರಬೇಕು, ಅಂದರೆ ತಪ್ಪಿಸಬಹುದಾದದ್ದು 18. ಒಂದು ವಿಷಯದಲ್ಲಿ ಶೇ 65ರವರೆಗೆ ಇಳಿದರೆ ವಿಶೇಷ ಕಾರಣಕ್ಕೆ ಪ್ರಾಂಶುಪಾಲರು ವಿನಾಯಿತಿ ಕೊಡಬಹುದು, ಆದರೆ ಆಗಲೂ ಎಲ್ಲ ವಿಷಯ ಸೇರಿ ಶೇ 70 ಆಗಿರಲೇಬೇಕು. ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬೆಳಗ್ಗೆ ರೈಲು ಹತ್ತಿ ಯಶವಂತಪುರದ ಕಡೆ ಕೆಲಸಕ್ಕೆ ಹೋಗಿ, ‘ಸುಮ್ನೆ ಅಡ್ಮಿಷನ್ ಮಾಡ್ಸಿಟ್ಟಿರ್ತೀನಿ’ ಎನ್ನುವವರ ಲೆಕ್ಕ ಕೆಡುವುದು ಇಲ್ಲೇ. ಅಂಚೆ ಶಿಕ್ಷಣದಲ್ಲಿ ಪಡೆದ ಎಲ್‌ಎಲ್‌ಬಿಗೆ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಸಿಗುವುದಿಲ್ಲ. ರಜೆ ಸಿಗದ ಕೆಲಸವಿದ್ದರೆ ಸೇರುವುದನ್ನೇ ಒಂದು ವರ್ಷ ಮುಂದೂಡಿ, ಹಣ ಉಳಿಯುತ್ತದೆ.

ಇಂಟರ್ನ್‌ಶಿಪ್ ಮೂರು ವರ್ಷದವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ. ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ, ಹಾಗಾಗಿ ಕೊನೆಯ ವರ್ಷಕ್ಕೆ ಒಟ್ಟು ಹಾಕಿಕೊಳ್ಳಬೇಡಿ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಗೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಡೈರಿ ಬರೆಯಬೇಕು, ಅದಕ್ಕೇ 30 ಅಂಕ. ಆಗಷ್ಟೇ ದಾಖಲಾದ ಕೇಸು ಹಿಡಿದರೆ ವಾಯಿದೆ ಮೇಲೆ ವಾಯಿದೆ ಬಿದ್ದು ಸೆಮಿಸ್ಟರೇ ಮುಗಿಯುತ್ತದೆ. ಸಾಕ್ಷಿ ವಿಚಾರಣೆ ಶುರುವಾಗಿರುವ ಕೇಸನ್ನು ಜಿಲ್ಲಾ ನ್ಯಾಯಾಲಯದಲ್ಲೋ, ತಿಪಟೂರು, ಶಿರಾ, ಕುಣಿಗಲ್‌ನಂಥ ತಾಲ್ಲೂಕು ಕೋರ್ಟಿನಲ್ಲೋ ವಕೀಲರನ್ನು ಕೇಳಿ ಹುಡುಕಿಕೊಳ್ಳಿ.

ಬ್ಯಾಕ್ ಪೇಪರ್ ಉಳಿದಿದ್ದರೆ ಪದವಿ ಅಲ್ಲೇ ನಿಲ್ಲುತ್ತದೆ. ಐದನೇ ಸೆಮಿಸ್ಟರ್‌ಗೆ ಬರುವಾಗ ಮೊದಲ ವರ್ಷದ್ದು ಒಂದೂ ಬಾಕಿ ಇರದಂತೆ ನೋಡಿಕೊಳ್ಳಿ.

ಪಾಸಾದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪಿನಂತೆ ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಎಸ್ಸೆಸ್ಸೆಲ್ಸಿಯಿಂದ ಎಲ್‌ಎಲ್‌ಬಿವರೆಗೆ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಕಾಲೇಜಿನಲ್ಲಿರುವಾಗಲೇ ನೋಡಿ ಸರಿಪಡಿಸಿಕೊಳ್ಳಿ. ಪೂರ್ಣಾವಧಿ ಸಂಬಳದ ಕೆಲಸ ಇಟ್ಟುಕೊಂಡು ವಕೀಲಿಕೆ ಮಾಡುವಂತಿಲ್ಲ.

ಮೊದಲು ಸಿಗುವುದು ತಾತ್ಕಾಲಿಕ ಸನ್ನದು. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಎಐಬಿಇ, ಪಾಸಾಗಬೇಕು. 100 ಬಹು ಆಯ್ಕೆ ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಬರೆಯದ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕ) ಒಳಗೆ ಒಯ್ಯಲು ಬಿಡುತ್ತಾರೆ. ಹಳೇ ಐಪಿಸಿ ಪುಸ್ತಕ ಹೊತ್ತು ಹೋಗಬೇಡಿ, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ.

ಸಿವಿಲ್ ನ್ಯಾಯಾಧೀಶರ ಹುದ್ದೆಯ ಮೇಲೆ ಕಣ್ಣಿದ್ದರೆ ಇನ್ನೂ ಮೂರು ವರ್ಷ ಕೂಡಿಸಿ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಅದನ್ನು ಎಣಿಸುವುದು ತಾತ್ಕಾಲಿಕ ನೋಂದಣಿಯ ದಿನದಿಂದ, ಹಾಗಾಗಿ ಫಲಿತಾಂಶ ಬಂದ ಮೇಲೆ ನೋಂದಣಿಗೆ ತಡ ಮಾಡಿದಷ್ಟೂ ನಷ್ಟ. ಅನುಭವದ ಪ್ರಮಾಣಪತ್ರವನ್ನು ಕನಿಷ್ಠ ಹತ್ತು ವರ್ಷ ವಕೀಲಿಕೆ ಮಾಡಿದವರು ಕೊಡಬೇಕು. ಸೀನಿಯರ್ ಹತ್ತಿರ ಸೇರುವ ಮುಂಚೆ ಅವರ ಸನ್ನದು ಯಾವ ವರ್ಷದ್ದೆಂದು ವಿಚಾರಿಸಿಕೊಳ್ಳಿ.