ಕಣ್ಣು ಮತ್ತು ಅಳತೆ: ಡಿಸೈನ್ ಕೆಲಸದಲ್ಲಿ ನನ್ನ ಅನುಭವ

ಪ್ಲೇ ಬಟನ್ ಗೊತ್ತಲ್ವಾ? ವೃತ್ತದೊಳಗೆ ಬಲಕ್ಕೆ ಮುಖ ಮಾಡಿದ ತ್ರಿಕೋನ. ಸಾಫ್ಟ್‌ವೇರ್‌ನಲ್ಲಿ ‘ಸೆಂಟರ್’ ಒತ್ತಿ ಅದನ್ನು ನಡುವೆ ಕೂರಿಸಿ ನೋಡಿ. ಎಡಕ್ಕೆ ಸರಿದ ಹಾಗೆ ಕಾಣುತ್ತದೆ. ಅಳತೆ ಸರಿಯಿದೆ, ಕಣ್ಣು ಒಪ್ಪುವುದಿಲ್ಲ.

ನಾನು ಮಾಡುವುದು ಇಂಟರ್‌ಫೇಸ್ ಡಿಸೈನ್, ಅಂದರೆ ಆ್ಯಪ್, ವೆಬ್‌ಸೈಟ್‌ಗಳ ಸ್ಕ್ರೀನ್ ರೂಪಿಸುವ ಕೆಲಸ. ಈ ಜಗ್ಗಾಟ ದಿನಾ ಇದ್ದದ್ದೇ. ಒಬ್ಬರು “ನಂಗೆ ಹಾಗನ್ನಿಸುತ್ತೆ” ಅಂತಾರೆ, ಇನ್ನೊಬ್ಬರು “ನಂಬರ್ ತೋರಿಸಿ” ಅಂತಾರೆ. ಸಿದ್ಧಾಂತದಲ್ಲೂ ಹೀಗೇ. 1969ರಲ್ಲಿ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಡಿಸೈನಿಗೂ ಒಂದು ವಿಜ್ಞಾನ ಬೇಕು, ಅದನ್ನು ಕ್ರಮವಾಗಿ ಕಲಿಸಬಹುದು ಎಂದರು. 1983ರಲ್ಲಿ ಇನ್ನೊಬ್ಬ ಚಿಂತಕ ಡೊನಾಲ್ಡ್ ಶೋನ್ ಕೆಲಸ ಮಾಡುತ್ತಾ ಹುಟ್ಟುವ ತಿಳಿವಳಿಕೆಗೆ ಒತ್ತು ಕೊಟ್ಟರು. ಯಾರ ಪಕ್ಷ ಅಂತ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣೂ ಅಳತೆಯೂ ಬೇರೆ ಬೇರೆ ಮಾತು ಹೇಳುವ ಜಾಗದಲ್ಲೇ ನನಗೆ ಜಾಸ್ತಿ ಕೆಲಸ.

ತ್ರಿಕೋನವನ್ನೇ ನೋಡಿ. ಸಾಫ್ಟ್‌ವೇರ್ ಲೆಕ್ಕ ಹಾಕುವುದು ಅದರ ಸುತ್ತಲಿನ ಚೌಕಟ್ಟನ್ನು. ಕಣ್ಣಿಗೆ ಕಾಣುವುದು ಆಕಾರದ ಭಾರ. ತ್ರಿಕೋನದ ಗುರುತ್ವ ಕೇಂದ್ರ ಅರ್ಧದಲ್ಲಿಲ್ಲ, ಎಡಗಡೆಯ ಬುಡದಿಂದ ಮೂರನೇ ಒಂದು ಭಾಗದಲ್ಲಿದೆ. ಅಗಲ 24 ಪಿಕ್ಸೆಲ್ ಇದ್ದರೆ ಅರ್ಧ ಅಂದರೆ 12, ಮೂರನೇ ಒಂದು ಭಾಗ ಅಂದರೆ 8; ಹಾಗಾಗಿ 4 ಪಿಕ್ಸೆಲ್ ಬಲಕ್ಕೆ ಸರಿಸಬೇಕು. ಕಣ್ಣು ಹೇಳಿದ್ದೂ ಅಳತೆಯ ಮಾತೇ. ನಾವು ಅಳೆದ ಜಾಗ ಬೇರೆ, ಅಷ್ಟೇ.

ಇನ್ನೊಂದು ಸಲ, ಬಿಳಿ ಹಿನ್ನೆಲೆಯ ಮೇಲೆ ಬೂದು ಅಕ್ಷರ ಇಟ್ಟಿದ್ದೆವು. ಬಣ್ಣದ ಸಂಖ್ಯೆ 767676. ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, 4.54:1. ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅಂತ ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕೇಳುವುದು 4.5:1, ಹಾಗಾಗಿ ಪಾಸು. ನಮ್ಮ ಸ್ಕ್ರೀನನ್ನು ಬಳಸಿ ನೋಡಲು ಕೂತ ಹಿರಿಯರೊಬ್ಬರು ಮಾತ್ರ “ಓದೋಕಾಗುತ್ತೆ, ಆದ್ರೆ ಕಣ್ಣು ಸೋಲುತ್ತೆ” ಅಂದರು. ಅದು ಅವರ ಅಭಿಪ್ರಾಯ ಅಂತ ಬದಿಗಿಡಬಹುದಿತ್ತು. ನಾನು ಕಾಂಟ್ರಾಸ್ಟ್ ಲೆಕ್ಕ ಹಾಕುವ ಸೂತ್ರವನ್ನೇ ಬಿಡಿಸಿ ನೋಡಿದೆ. ಅದು ಎರಡು ಬಣ್ಣಗಳ ಬೆಳಕನ್ನು ಹೋಲಿಸುತ್ತದೆ, ಅಕ್ಷರದ ಗೆರೆ ಎಷ್ಟು ದಪ್ಪ ಅಂತ ಕೇಳುವುದೇ ಇಲ್ಲ. ನಮ್ಮ ಫಾಂಟ್ ತೀರಾ ತೆಳು. ತೆಳು ಗೆರೆಯ ಅಂಚಿನ ಪಿಕ್ಸೆಲ್‌ಗಳು ಹಿನ್ನೆಲೆಯ ಬಿಳಿಯಲ್ಲಿ ಬೆರೆತು ಇನ್ನಷ್ಟು ಮಾಸುತ್ತವೆ. ಬಣ್ಣ ಮುಟ್ಟಲಿಲ್ಲ, ಫಾಂಟ್ ಮಾತ್ರ ದಪ್ಪ ಮಾಡಿದೆವು. ಅವರು ಆರಾಮಾಗಿ ಓದಿದರು.

ಈಗ ಅಳೆಯುವ ಮೊದಲೇ ಅನ್ನಿಸಿದ್ದನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ. ನಂಬರ್ ಮೊದಲು ಕಂಡರೆ ಅನಿಸಿಕೆ ಅದಕ್ಕೆ ತಕ್ಕ ಹಾಗೆ ವಾಲುತ್ತದೆ. ಸುಮ್ನೆ “ಚೆನ್ನಾಗಿಲ್ಲ” ಅಂತ ಬರೆದರೆ ಉಪಯೋಗವಿಲ್ಲ. “ಮೂರನೇ ಸಾಲಿನಲ್ಲಿ ಕಣ್ಣು ತಡೆಯುತ್ತದೆ” ಅಂದರೆ ಹುಡುಕಲು ಜಾಗ ಸಿಗುತ್ತದೆ. ನನ್ನ ಕಣ್ಣೊಂದನ್ನೇ ನಂಬುವುದೂ ಇಲ್ಲ. ಅದೇ ಸ್ಕ್ರೀನ್ ನೋಡಿ ನೋಡಿ ಅದಕ್ಕೆ ಒಗ್ಗಿಹೋಗಿರುತ್ತದೆ. ಹೊಸಬರೊಬ್ಬರ ಮಾತು ಬೇಕೇ ಬೇಕು.

ಎಲ್ಲವೂ ಅಳತೆಗೆ ಸಿಗುವುದಿಲ್ಲ. ಡಿಸೈನ್ ಮತ್ತು ನಗರ ಯೋಜನೆಯ ವಿದ್ವಾಂಸರಾದ ಹೋರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬ್ಬರ್ 1973ರಲ್ಲೇ ಹೇಳಿದ್ದರು: ಯೋಜನೆಯ ಕಗ್ಗಂಟುಗಳಿಗೆ ಸರಿ-ತಪ್ಪು ಉತ್ತರವಿಲ್ಲ, ಒಳ್ಳೆಯದು-ಕೆಟ್ಟದ್ದು ಮಾತ್ರ. ಕೆಟ್ಟ ಸುದ್ದಿ ತಿಳಿಸುವ ಸ್ಕ್ರೀನಿನ ದನಿ ಎಷ್ಟು ಮೆತ್ತಗಿರಬೇಕು ಅನ್ನುವುದು ಅಂಥದ್ದು. ಅಲ್ಲಿ ನಂಬರಿನ ಮರೆಯಲ್ಲಿ ನಿಲ್ಲುವುದು ನನಗೆ ಇಷ್ಟವಿಲ್ಲ. “ಇದು ನನ್ನ ತೀರ್ಮಾನ, ಕಾರಣ ಇದು” ಅಂತ ಫೈಲಿನಲ್ಲಿ ಬರೆದು ಹೆಸರು ಹಾಕುತ್ತೇನೆ. ಒಪ್ಪದವರು ಯಾರನ್ನು ಕೇಳಬೇಕು ಅಂತ ಗೊತ್ತಿರಬೇಕಲ್ವಾ?