ಬಾನೆಟ್ ಎತ್ತಿ ನೋಡಿ, ಆಮೇಲೆ ರೇಟು ಮಾತಾಡಿ

ಭಾನುವಾರ ಸಂಜೆ ಮಂಗಳೂರಿನ ಪಣಂಬೂರು ಬೀಚಿನ ಹತ್ತಿರ ನೆಲಕ್ಕೆ ಅಂಟಿಕೊಂಡಂಥ ಕೆಂಪು ಕಾರೊಂದು ಬಂದು ನಿಂತರೆ ಸಾಕು, ಸೆಲ್ಫಿಗೆ ಜನ ಮುತ್ತುತ್ತಾರೆ. ಸ್ಟಾರ್ಟ್ ಮಾಡಿದಾಗ ಮಾತ್ರ ಒಳಗಿಂದ ಹಳೇ ಸೆಡಾನಿನ ಕೆಮ್ಮು! ಅದು ರೆಪ್ಲಿಕಾ, ಅಂದರೆ ಹೆಸರಾಂತ ಕಾರಿನ ರೂಪ ನಕಲು ಮಾಡಿ ಕಟ್ಟಿದ ಗಾಡಿ. ಇಂಥದ್ದನ್ನು ಕೊಳ್ಳುವ, ಕಟ್ಟಿಸುವ ಆಸೆಯಿದ್ದರೆ ಮುಂದೆ ಮಾರುವಾಗಿನ ಮಾತನ್ನು ಈಗಲೇ ಯೋಚಿಸಿ.

ಮೊದಲು ಅಸಲಿ ಕಾರಿನ ಜಾತಕ ನೋಡಿ. 1962ರಲ್ಲಿ ಬ್ರಿಟನ್ನಿನ ಎಸಿ ಕಂಪನಿಯ ಹಗುರ ಕಾರಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ ಫೋರ್ಡ್ ಕಂಪನಿಯ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿದ್ದೇ ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರು. ಹಾಗಾಗಿ ಆ ದೇಶಗಳಲ್ಲಿ ಕೋಬ್ರಾ ರೆಪ್ಲಿಕಾ ಕೊಳ್ಳುವವರು ಫೋರ್ಡ್ ಎಂಜಿನ್ನನ್ನೇ ಕೇಳುತ್ತಾರೆ, 4.7 ಅಥವಾ 5 ಲೀಟರಿನದಾದರೂ ಆದೀತು. ಷೆವರ್ಲೆ ವಿ8 ಶಕ್ತಿಯಲ್ಲೇನೂ ಕಮ್ಮಿಯಲ್ಲ, ಸ್ಪೇರ್ ಧಾರಾಳ. ಆದರೂ ಬಾನೆಟ್ ಎತ್ತಿದ ಕೂಡಲೇ ಗಿರಾಕಿಯ ಮುಖ ಸಣ್ಣದಾಗುತ್ತದೆ. ಯಕ್ಷಗಾನದಲ್ಲಿ ಕೃಷ್ಣನ ಕಿರೀಟ ಇಟ್ಟುಕೊಂಡು ಬಣ್ಣದ ವೇಷದ ಅಟ್ಟಹಾಸ ಮಾಡಿದರೆ ಹೇಗೆ ಮಾರಾಯ್ರೆ?

ಪೋರ್ಷೆ 356 ಸ್ಪೀಡ್‌ಸ್ಟರ್ ರೆಪ್ಲಿಕಾದ್ದು ಇದಕ್ಕೆ ಉಲ್ಟಾ. ಅದರಲ್ಲಿ ಸಾಮಾನ್ಯವಾಗಿ ಇರುವುದು ಫೋಕ್ಸ್‌ವ್ಯಾಗನ್ ಬೀಟಲ್‌ನ ಸಾದಾ ಏರ್‌ಕೂಲ್ಡ್ (ಗಾಳಿಯಿಂದ ತಣಿಯುವ) ಎಂಜಿನ್. ಯಾರೂ ಮೂಗು ಮುರಿಯುವುದಿಲ್ಲ, ಏಕೆಂದರೆ ಅಸಲಿ 356 ಹುಟ್ಟಿದ್ದೇ ಬೀಟಲ್‌ನ ಬಿಡಿಭಾಗಗಳಿಂದ. ಬೆಲೆ ಬರುವುದು ಅಸಲಿ ಕಾರಿನ ಜೊತೆಗಿನ ನಂಟಿಗೆ, ಬರೀ ಹಾರ್ಸ್‌ಪವರಿಗಲ್ಲ.

ಎರಡನೆಯದು, ಎಂಜಿನ್ನಿನ ಶಕ್ತಿ ಏರಿಸುವ ಟ್ಯೂನಿಂಗ್ ಹುಚ್ಚು ಬೇಡ. ಏಪ್ರಿಲ್ ಬಿಸಿಲಿಗೆ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಕಾಲು ಗಂಟೆ ನಿಂತು ರೇಡಿಯೇಟರ್ ಕುದಿಸುವ ಎಂಜಿನ್ ಯಾರಿಗೆ ಬೇಕು? ಅದಕ್ಕೆ ಸುರಿದ ದುಡ್ಡು ವಾಪಸ್ ಬರುವುದಿಲ್ಲ. ಊರಿನ ಮೆಕ್ಯಾನಿಕ್ ಕೈಗೆ ಒಗ್ಗುವ ಎಂಜಿನ್ನೇ ಮೇಲು.

ಇನ್ನು ಆರ್‌ಸಿ. ಮಂಗಳೂರಿನ ಕೆಎ-19 ಇರಲಿ, ಉಡುಪಿಯ ಕೆಎ-20 ಇರಲಿ, ವ್ಯಾಪಾರ ಮುರಿಯುವುದೇ ಇಲ್ಲಿ. ಟಾರ್ಚ್ ಹಿಡಿದು ಎಂಜಿನ್ ನಂಬರಿನ ಎಣ್ಣೆಜಿಡ್ಡು ಒರೆಸಿ. ತೆಳು ಕಾಗದ ಒತ್ತಿ ಮೇಲೆ ಪೆನ್ಸಿಲ್ ಉಜ್ಜಿ. ಮೂಡಿದ ಅಂಕಿಗಳನ್ನು ಆರ್‌ಸಿ ಜೊತೆ ಒಂದೊಂದಾಗಿ ತಾಳೆ ನೋಡಿ. ಚಾಸಿ ನಂಬರಿಗೂ ಹೀಗೇ ಮಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಎಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಬಾಡಿಯ ರೂಪವೇ ಬೇರೆಯಾಗಿದ್ದರೆ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ‘ಅದೆಲ್ಲ ಅಡ್ಜಸ್ಟ್ ಮಾಡುವಾ’ ಎನ್ನುವ ಬ್ರೋಕರನ್ನು ನಂಬಬೇಡಿ. ಇನ್ಶೂರೆನ್ಸ್ ಕ್ಲೇಮ್ ತಿರಸ್ಕೃತವಾದಾಗ ಅವನ ಫೋನು ಸ್ವಿಚ್ ಆಫ್.

ಫೈಬರ್ ಬಾಡಿಗೆ ತುಕ್ಕಿಲ್ಲ, ಆದರೆ ಕಡಲಗಾಳಿಗೆ ಅದರಡಿಯ ಚೌಕಟ್ಟಿನ ಕಬ್ಬಿಣದ ಪೈಪು ಉಳಿಯುವುದಿಲ್ಲ. ಎಂಜಿನ್ ಮೌಂಟಿಂಗ್ ಸುತ್ತ ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ.

ಎಂಜಿನ್ ಬದಲಿಸಿಯೇ ಸಿದ್ಧ ಎಂದರೆ ತೆಗೆದದ್ದನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಟಾರ್ಪಾಲು ಹೊದೆಸಿ ಕೊಟ್ಟಿಗೆಯ ಮೂಲೆಯಲ್ಲಿಡಿ. ನಾಳೆ ಬರುವ ಗಿರಾಕಿ ಅದನ್ನೂ ಸೇರಿಸಿ ಕೊಡಿ ಎಂದಾನು.