ಮಿಲಾನಿನಿಂದ ಕತಾನಿಯಾಗೆ: ಗ್ರೀನ್ ಪಾಸ್ ಹಿಡಿದು ಹಾರುವುದು ಹೇಗೆ?

(ಇದು 2021ರ ಡಿಸೆಂಬರ್ ಶುರುವಿನಲ್ಲಿ, ಕೋವಿಡ್ ಕಾಲದಲ್ಲಿ ಬರೆದದ್ದು. ಇಲ್ಲಿ ‘ಈಗ’, ‘ಈ ವರ್ಷ’ ಅಂದರೆ ಆ ಹೊತ್ತು. ಪಾಸ್, ಟೆಸ್ಟ್, ಮಾಸ್ಕಿನ ನಿಯಮಗಳೂ ದರಗಳೂ ಆಗಿನವು, ಇವತ್ತಿನವಲ್ಲ.)

‘ಅಲ್ಲಪ್ಪ, ಬೆಂಗಳೂರಿಂದ ಹುಬ್ಬಳ್ಳಿಗೆ ಹೋದ ಹಾಗೆ ತಾನೆ? ಅದಕ್ಕೂ ಪಾಸ್ ಬೇಕಾ?’

ಫೋನಿನಲ್ಲಿ ಅಮ್ಮ ಕೇಳಿದ ಪ್ರಶ್ನೆ ಇದು. ಬೇಕಮ್ಮ ಅಂದೆ. ಇಟಲಿಯಲ್ಲಿ ಈ ವರ್ಷ, ಅಂದರೆ 2021ರ ಸೆಪ್ಟೆಂಬರ್ 1ರಿಂದ, ದೇಶದೊಳಗಿನ ವಿಮಾನ ಹತ್ತಲೂ ಗ್ರೀನ್ ಪಾಸ್ ಅನ್ನುವ ಕೋವಿಡ್ ಸರ್ಟಿಫಿಕೇಟ್ ಬೇಕು. ಕೇರಳ, ಮಹಾರಾಷ್ಟ್ರದಿಂದ ನಮ್ಮಲ್ಲಿಗೆ ಬರುವವರಿಗೆ ಆರ್‌ಟಿ-ಪಿಸಿಆರ್ ರಿಪೋರ್ಟ್ ಕೇಳುತ್ತಿದ್ದರಲ್ಲ, ಹೆಚ್ಚೂಕಡಿಮೆ ಹಾಗೇ ಅಂತ ವಿವರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಮಿಲಾನಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡದವರು ಈ ಕ್ರಿಸ್‌ಮಸ್ ರಜೆಗೆ ಇಟಲಿಯ ದಕ್ಷಿಣ ತುದಿಯ ದ್ವೀಪ ಸಿಸಿಲಿ ಕಡೆ ಕಣ್ಣು ಹಾಕಿದ್ದಾರೆ. ಚಳಿ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮಂಥವರಿಗೆ ಮಾತ್ರ ಗೊತ್ತಿರುವುದು. ಹೊಸದಾಗಿ ಬಂದ ಹಲವರ ಕೈಯಲ್ಲಿ ವಾಸದ ಪರವಾನಗಿ ಕಾರ್ಡ್ ಇನ್ನೂ ಇಲ್ಲ. ಅರ್ಜಿ ಹಾಕಿದ್ದಕ್ಕೆ ಪೋಸ್ಟಾಫೀಸು ಕೊಟ್ಟ ರಸೀದಿ ಇದೆ ಅಷ್ಟೆ. ವೀಸಾ ಮುಗಿದ ಮೇಲೆ ಆ ರಸೀದಿ ಹಿಡಿದುಕೊಂಡು ಪ್ಯಾರಿಸ್‌ಗೆ ಹೋಗುವ ಹಾಗಿಲ್ಲ. ಇಟಲಿಯೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗಾಗಿ ಟಿಕೆಟ್ ತೆಗೆಯುವಾಗ ಮೊದಲು ನೋಡಬೇಕಾದ್ದು ದರವನ್ನಲ್ಲ, ದಾರಿಯನ್ನು. ಸ್ವಿಟ್ಜರ್ಲೆಂಡಿನಲ್ಲೋ ಜರ್ಮನಿಯಲ್ಲೋ ಇಳಿದು ಹತ್ತಬೇಕಾದ ಟಿಕೆಟ್ ಎಷ್ಟೇ ಅಗ್ಗ ಸಿಕ್ಕರೂ ಮುಟ್ಟಬೇಡಿ. ನೇರ ವಿಮಾನವನ್ನೇ ಹಿಡಿಯಿರಿ. ಮಿಲಾನಿನ ಲಿನಾಟೆ ಏರ್‌ಪೋರ್ಟಿನಲ್ಲಿ ಹತ್ತಿದರೆ ಎರಡು ಗಂಟೆಯೊಳಗೆ ಸಿಸಿಲಿಯ ಕತಾನಿಯಾ.

ಹೋದ ಕ್ರಿಸ್‌ಮಸ್‌ಗೆ ಹೋಲಿಸಿದರೆ ಈ ಸಲದ್ದು ಹೂವು ಎತ್ತಿದ ಹಾಗೆ. 2020ರ ನವೆಂಬರ್ 6ರಿಂದ ಇಲ್ಲಿ ಸೋಂಕಿನ ತೀವ್ರತೆ ನೋಡಿ ಪ್ರಾಂತ್ಯಗಳಿಗೆ ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಬಳಿದರು. ಡಿಸೆಂಬರ್ 21ಕ್ಕೆ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಕೆಲಸ, ಆರೋಗ್ಯ, ತೀರಾ ಅಗತ್ಯ, ಇಲ್ಲವೇ ಮನೆಗೆ ವಾಪಸಾಗುವುದು – ಈ ಕಾರಣಗಳಿಗೆ ಮಾತ್ರ ಅವಕಾಶ. ಅದನ್ನೂ ಸ್ವಯಂ ಘೋಷಣೆಯ ಫಾರಂನಲ್ಲಿ ಬರೆದು, ಸಹಿ ಹಾಕಿ, ಜೇಬಿನಲ್ಲಿ ಇಟ್ಟುಕೊಂಡು ಓಡಾಡಬೇಕಿತ್ತು. ಸುಳ್ಳು ಬರೆದರೆ ಕೇಸು. ಸುಮ್ನೆ ಸುತ್ತಾಡಲು ಇನ್ನೊಂದು ಪ್ರಾಂತ್ಯಕ್ಕೆ ಹೋಗಲು ಬಿಟ್ಟಿದ್ದು ಈ ಏಪ್ರಿಲ್ 26ಕ್ಕೆ. ಈಗ ಆ ಫಾರಂ ಹೋಗಿದೆ, ಅದರ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ.

ಮೊದಲು ಪಾಸ್

ಪಾಸ್ ಸಿಗುವುದು ಮೂರು ದಾರಿಯಲ್ಲಿ. ಲಸಿಕೆ ಹಾಕಿಸಿಕೊಂಡಿರಬೇಕು, ಕೋವಿಡ್ ಬಂದು ವಾಸಿಯಾಗಿರಬೇಕು, ಇಲ್ಲವೇ ಟೆಸ್ಟ್ ನೆಗೆಟಿವ್ ಬಂದಿರಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ.

ಊರಲ್ಲೇ ಕೋವಿಶೀಲ್ಡ್ ಹಾಕಿಸಿಕೊಂಡು ಬಂದವರಿಗೆ ಸೆಪ್ಟೆಂಬರ್ 23ರ ತನಕ ಇಲ್ಲಿ ಬೆಲೆಯೇ ಇರಲಿಲ್ಲ. ಅವತ್ತು ಇಟಲಿಯ ಆರೋಗ್ಯ ಸಚಿವಾಲಯ ಸುತ್ತೋಲೆ ಹೊರಡಿಸಿ ಕೋವಿಶೀಲ್ಡ್ ಅನ್ನು ಒಪ್ಪಿಕೊಂಡಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಬೇರೆ. ಅವರು ಪ್ರತಿ ಸಲವೂ ಟೆಸ್ಟ್ ಮಾಡಿಸಲೇಬೇಕು.

ಕೋವಿಶೀಲ್ಡ್ ಒಪ್ಪಿದರು ಅಂದ ಮಾತ್ರಕ್ಕೆ ನಮ್ಮ ಕೋವಿನ್ ಸರ್ಟಿಫಿಕೇಟಿನ ಕೋಡ್ ಇಲ್ಲಿ ಓಡುತ್ತದೆ ಅಂತಲ್ಲ. ಇಲ್ಲಿ ಪಾಸ್ ನೋಡುವವರ ಫೋನಿನಲ್ಲಿ ‘ವೆರಿಫಿಕಾ ಸಿ19’ ಅನ್ನುವ ಆ್ಯಪ್ ಇರುತ್ತದೆ. ಅದಕ್ಕೆ ಯುರೋಪಿನ ಕೋಡ್ ಮಾತ್ರ ಅರ್ಥವಾಗುತ್ತದೆ. ನಮ್ಮ ಕೋಡ್ ಹಿಡಿದರೆ ಪರದೆ ಕೆಂಪಾಗುತ್ತದೆ. ಕಾನೂನು ಪ್ರಕಾರ ಇಂಗ್ಲಿಷಿನಲ್ಲಿರುವ ಸರ್ಟಿಫಿಕೇಟ್ ಪಾಸಿಗೆ ಸಮ. ಆದರೆ ಬೋರ್ಡಿಂಗ್ ಶುರುವಾದ ಮೇಲೆ, ಹಿಂದೆ ಐವತ್ತು ಜನ ನಿಂತಿರುವಾಗ, ಸುತ್ತೋಲೆ ತೋರಿಸಿ ವಾದ ಮಾಡುವ ಧೈರ್ಯ ನನಗಂತೂ ಇಲ್ಲ.

ಹಾಗಾಗಿ ಇಲ್ಲಿನ ಪಾಸನ್ನೇ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್, ಕೋವಿನ್ ಸರ್ಟಿಫಿಕೇಟ್, ಇಲ್ಲಿನ ಹೆಲ್ತ್ ಕಾರ್ಡ್ ತೆಗೆದುಕೊಂಡು ನಿಮ್ಮ ಪ್ರದೇಶದ ಸರ್ಕಾರಿ ಆರೋಗ್ಯ ಕಚೇರಿಗೆ ಹೋಗಿ. ಅವರು ವಿವರ ದಾಖಲಿಸಿದ ಮೇಲೆ ಮೊಬೈಲಿಗೋ ಮೇಲ್‌ಗೋ ಒಂದು ಕೋಡ್ ಬರುತ್ತದೆ. ಅದನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿದರೆ ಪಾಸ್ ಇಳಿಯುತ್ತದೆ. ‘ಇಮ್ಮೂನಿ’, ‘ಈಯೊ’ ಆ್ಯಪ್‌ಗಳಲ್ಲೂ ಸಿಗುತ್ತದೆ. ಕಚೇರಿಯಲ್ಲಿ ಕೆಲಸ ಆಗಲು ದಿನ ಹಿಡಿಯುತ್ತದೆ, ಪ್ರಯಾಣದ ಹಿಂದಿನ ದಿನ ಹೋಗಿ ನಿಂತರೆ ಏನೂ ಆಗುವುದಿಲ್ಲ.

ಹೆಲ್ತ್ ಕಾರ್ಡ್ ಮಾಡಿಸದ ವಿದ್ಯಾರ್ಥಿಗಳಿಗೆ ಒಂದು ಮಾತು. ಅದರ ಶುಲ್ಕ 2021ಕ್ಕೆ 149.77 ಯೂರೋ. ಅದು ಜನವರಿಯಿಂದ ಡಿಸೆಂಬರಿನ ಲೆಕ್ಕ. ಈಗ ಕಟ್ಟಿದರೆ ಇದೇ ತಿಂಗಳು 31ಕ್ಕೆ ಮುಗಿಯುತ್ತದೆ. ಬರೀ ಪಾಸಿನ ಆಸೆಗೆ ಈಗ ಕಟ್ಟುವ ಬದಲು, ರಜೆಯನ್ನು ಟೆಸ್ಟ್ ಮೇಲೆ ಮುಗಿಸಿ ಜನವರಿಯಲ್ಲಿ ಕಟ್ಟುವುದು ಜಾಣತನ ಅನ್ನಿಸುತ್ತದೆ.

ಹೆಸರಿನ ಗೋಳು

ಇದನ್ನು ಯಾವ ಸರ್ಕಾರಿ ವೆಬ್‌ಸೈಟೂ ಹೇಳುವುದಿಲ್ಲ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ.

ಆ್ಯಪ್‌ನಲ್ಲಿ ಹಸಿರು ಬಂದಾಗ ಮೂರೇ ಸಂಗತಿ ಕಾಣುತ್ತವೆ: ಮನೆತನದ ಹೆಸರು, ಸ್ವಂತ ಹೆಸರು, ಹುಟ್ಟಿದ ದಿನ. ಅದು ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ಹೊಂದಬೇಕು. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಮುಂದೆ ಎರಡು ಇನಿಷಿಯಲ್ಲು, ಆಮೇಲೆ ಒಂದು ಹೆಸರು. ಮುಗೀತು. ನನ್ನ ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಅನ್ನುವ ಜಾಗ ಖಾಲಿ. ಕೋವಿನ್‌ನಲ್ಲಿ ಆಧಾರ್ ನೋಡಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರು ಸೇರಿಸಿದ್ದರು. ಇಲ್ಲಿನ ಕಚೇರಿಯಲ್ಲಿ ಅಪ್ಪನ ಹೆಸರನ್ನೇ ಮನೆತನ ಮಾಡಿದರು. ಟಿಕೆಟ್ ತೆಗೆದ ಸೈಟು ಖಾಲಿ ಬಿಡಲು ಒಪ್ಪಲಿಲ್ಲ ಅಂತ ನಾನೇ ನನ್ನ ಹೆಸರನ್ನು ಎರಡು ಸಲ ಟೈಪ್ ಮಾಡಿದ್ದೆ. ಒಬ್ಬನೇ ಮನುಷ್ಯ, ಮೂರು ಕಾಗದ, ಮೂರು ಹೆಸರು!

ಗೇಟಿನಲ್ಲಿದ್ದ ಹುಡುಗಿ ಸ್ಕ್ಯಾನ್ ಮಾಡಿದಳು. ಹಸಿರು ಬಂತು. ಪಾಸ್‌ಪೋರ್ಟ್ ನೋಡಿದಳು. ಮತ್ತೆ ಫೋನ್ ನೋಡಿದಳು. ಬೋರ್ಡಿಂಗ್ ಕಾರ್ಡ್ ತಿರುಗಿಸಿ ನೋಡಿದಳು. ‘ಇದರಲ್ಲಿ ಮನೆತನದ ಹೆಸರು ಯಾವುದು?’ ಅಂದಳು. ಹಿಂದಿದ್ದ ಅಜ್ಜ ಒಬ್ಬರು ‘ಅಂದಿಯಾಮೊ, ಅಂದಿಯಾಮೊ’ ಅನ್ನತೊಡಗಿದರು. ನಡೀರಿ, ನಡೀರಿ ಅಂತ. ನನಗೆ ಬೆವರು. ಆಗ ಹೊಳೆಯಿತು, ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಇರುತ್ತದಲ್ಲ! ತೆಗೆದು ತೋರಿಸಿದೆ. ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು, ಪಾಸಿನಲ್ಲಿದ್ದ ಹೆಸರಿನ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ, ನಕ್ಕು ಬಿಟ್ಟಳು. ಎಲ್ಲರೂ ಹೀಗೆ ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ.

ಏನು ಮಾಡಬೇಕು? ಊರು ಬಿಡುವ ಮೊದಲೇ ಕೋವಿನ್‌ನಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ತಿದ್ದಿಸಿಕೊಳ್ಳಿ. ‘ರೈಸ್ ಆ್ಯನ್ ಇಶ್ಯೂ’ ಅನ್ನುವ ಕಡೆ ತಿದ್ದುಪಡಿಗೂ, ಪಾಸ್‌ಪೋರ್ಟ್ ನಂಬರ್ ಸೇರಿಸುವುದಕ್ಕೂ ಜಾಗ ಇದೆ. ಹುಟ್ಟಿದ ತಾರೀಕು ಪೂರ್ತಿ ಇರುವ, ವಿದೇಶ ಪ್ರಯಾಣದ ಸರ್ಟಿಫಿಕೇಟನ್ನೇ ಇಳಿಸಿಕೊಳ್ಳಿ. ಹಳೆಯದರಲ್ಲಿ ಬರೀ ವಯಸ್ಸು ಇರುತ್ತದೆ. ಇಲ್ಲಿಗೆ ಬಂದ ಮೇಲೆ ನೆನಪಾಯಿತೋ, ಒಟಿಪಿ ಹೋಗುವುದು ಊರಿನ ಮೊಬೈಲ್ ನಂಬರಿಗೆ. ಆ ಸಿಮ್ ಅಲ್ಲಿ ತಮ್ಮನ ಫೋನಿನಲ್ಲಿದ್ದರೆ, ಅವನು ನಿದ್ದೆಯಿಂದ ಏಳುವವರೆಗೆ ಕಾಯಬೇಕಾಗುತ್ತದೆ.

ಟೆಸ್ಟ್ ಆದರೆ ಗಂಟೆ ಎಣಿಸಿ

ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಗಳಲ್ಲಿ ರ್‍ಯಾಪಿಡ್ ಟೆಸ್ಟ್ ಮಾಡುತ್ತಾರೆ. ದೊಡ್ಡವರಿಗೆ 15 ಯೂರೋ, 12ರಿಂದ 18ರವರಿಗೆ 8. ಇಲ್ಲಿಯವರು ‘ತಂಪೋನೆ’ ಅನ್ನುತ್ತಾರೆ, ಆ ಪದ ಹೇಳಿದರೆ ಸಾಕು. ಕಾಲು ಗಂಟೆಯಲ್ಲಿ ರಿಸಲ್ಟ್, ಹಿಂದೆಯೇ ಪಾಸಿನ ಕೋಡ್. ಹೆಲ್ತ್ ಕಾರ್ಡ್ ಇಲ್ಲದವರು ಪಾಸ್‌ಪೋರ್ಟ್ ನಂಬರ್ ಕೊಟ್ಟು ಪಾಸ್ ಇಳಿಸಿಕೊಳ್ಳಬಹುದು.

ಇದು 48 ಗಂಟೆ ಮಾತ್ರ ನಡೆಯುತ್ತದೆ. ಲೆಕ್ಕ ಶುರುವಾಗುವುದು ಮೂಗಿಗೆ ಕಡ್ಡಿ ಹಾಕಿದ ಹೊತ್ತಿನಿಂದ. ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿಸಿ, ಸಂಜೆ ಹಾರಿದಿರಿ ಅನ್ನಿ. ಭಾನುವಾರ ಮಧ್ಯಾಹ್ನಕ್ಕೆ ಪಾಸ್ ಸತ್ತಿತು. ವಾಪಸ್ ವಿಮಾನ ಭಾನುವಾರ ರಾತ್ರಿ 9ಕ್ಕೆ. ಏನು ಮಾಡುತ್ತೀರಿ? ಆರ್‌ಟಿ-ಪಿಸಿಆರ್ ಮಾಡಿಸಿದರೆ 72 ಗಂಟೆ ಸಿಗುತ್ತದೆ, ಆದರೆ ದುಡ್ಡು ಜಾಸ್ತಿ. ರಿಸಲ್ಟಿಗೆ ಕಾಯುವುದರಲ್ಲೇ ಅರ್ಧ ಅವಧಿ ಹೋಗುತ್ತದೆ. ಶನಿವಾರ ಕತಾನಿಯಾದಲ್ಲೇ ಇನ್ನೊಂದು ರ್‍ಯಾಪಿಡ್ ಮಾಡಿಸುವುದೇ ವಾಸಿ. ಭಾನುವಾರಕ್ಕೆ ಬಿಟ್ಟರೆ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿರುತ್ತವೆ. ತೆರೆದ ಕಡೆ ಸಾಲು ಉದ್ದ. ಅಕ್ಟೋಬರ್ 15ರಿಂದ ಕೆಲಸಕ್ಕೆ ಹೋಗಲೂ ಪಾಸ್ ಬೇಕಾಗಿದೆ. ಲಸಿಕೆ ಬೇಡ ಅನ್ನುವವರೆಲ್ಲ ಸೋಮವಾರದ ಡ್ಯೂಟಿಗಾಗಿ ಭಾನುವಾರವೇ ಬಂದು ಸಾಲು ಹಚ್ಚುತ್ತಾರೆ.

ಡಿಸೆಂಬರ್ 6ಕ್ಕೆ ಬದಲಾಗುವುದು

ಮುಂದಿನ ಸೋಮವಾರದಿಂದ ಇನ್ನೊಂದು ಬಗೆಯ ಪಾಸ್ ಬರುತ್ತಿದೆ. ಜನ ‘ಸೂಪರ್ ಗ್ರೀನ್ ಪಾಸ್’ ಅನ್ನುತ್ತಿದ್ದಾರೆ. ಲಸಿಕೆ ಆದವರಿಗೆ, ಕೋವಿಡ್‌ನಿಂದ ವಾಸಿಯಾದವರಿಗೆ ಮಾತ್ರ ಇದು. ವಿಮಾನಕ್ಕೆ ಇದು ಬೇಡ, ಟೆಸ್ಟ್ ಪಾಸ್ ಸಾಕು. ಆದರೆ ಹೋಟೆಲಿನೊಳಗೆ ಟೇಬಲ್ಲಿಗೆ ಕೂತು ಉಣ್ಣಲು ಬೇಕು. ಟೆಸ್ಟ್ ಪಾಸ್ ಹಿಡಿದು ಸಿಸಿಲಿಗೆ ಹಾರಬಹುದು, ಅಲ್ಲಿ ಊಟ ಹೊರಗಿನ ಮೇಜಿನಲ್ಲಿ.

ಅವತ್ತಿನಿಂದಲೇ ಸಿಟಿ ಬಸ್ಸು, ಮೆಟ್ರೊ, ಉಳಿದುಕೊಳ್ಳುವ ಲಾಡ್ಜ್ ಎಲ್ಲಕ್ಕೂ ಸಾಮಾನ್ಯ ಪಾಸ್ ಕಡ್ಡಾಯ. ಲಿನಾಟೆಗೆ ಹೋಗುವ 73ನೇ ನಂಬರ್ ಬಸ್ಸಿಗೂ ಅಷ್ಟೆ. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ 400ರಿಂದ 1000 ಯೂರೋ ದಂಡ. ಏರ್‌ಪೋರ್ಟಿಗೆ ಹೋಗಿ ಟೆಸ್ಟ್ ಮಾಡಿಸಿಕೊಂಡರಾಯಿತು ಅಂದುಕೊಂಡವರು ಅಲ್ಲಿಗೆ ಹೋಗುವುದು ಹೇಗೆ ಅಂತಲೂ ಯೋಚಿಸಬೇಕು.

ಲಸಿಕೆಯ ಪಾಸಿನ ಆಯುಷ್ಯ ಡಿಸೆಂಬರ್ 15ರಿಂದ 12 ತಿಂಗಳಿಂದ 9ಕ್ಕೆ ಇಳಿಯುತ್ತದೆ. ಮಕ್ಕಳನ್ನು ನೋಡಲು ಬಂದಿರುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಿ. ಏಪ್ರಿಲ್‌ನಲ್ಲಿ ಎರಡನೇ ಡೋಸ್ ಆಗಿದ್ದರೆ ಜನವರಿಗೆ ಮುಗಿಯುತ್ತದೆ.

ಹೊರಡುವ ದಿನ

ಪಾಸನ್ನು ಪ್ರಿಂಟ್ ಹಾಕಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಕೂರುತ್ತದೆ. ಬಟ್ಟೆಯ ಮಾಸ್ಕ್ ಎಷ್ಟು ಚೆಂದ ಇದ್ದರೂ ವಿಮಾನದಲ್ಲಿ ನಡೆಯುವುದಿಲ್ಲ, ಸರ್ಜಿಕಲ್ಲೇ ಬೇಕು. ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು ಅನ್ನುತ್ತದೆ ನಿಯಮ. ಮನೆ ಬಿಟ್ಟು ಮನೆ ಸೇರುವ ಲೆಕ್ಕದಲ್ಲಿ ಮೂರು ಇಟ್ಟುಕೊಳ್ಳಿ. ಜ್ವರ 37.5 ಡಿಗ್ರಿ ದಾಟಿದ್ದರೆ ಏರ್‌ಪೋರ್ಟಿಗೇ ಹೋಗಬೇಡಿ. ಚೆಕ್-ಇನ್ ಮಾಡುವಾಗ ಕೋವಿಡ್ ಇದ್ದವರ ಹತ್ತಿರ ಹೋಗಿಲ್ಲ ಅಂತ ಘೋಷಣೆ ಕೇಳಿದರೆ ಓದಿ ಸಹಿ ಮಾಡಿ.

ಒಳಗೆ ಕಾಫಿ ಬೇಕಾದರೆ ಕೌಂಟರಿನಲ್ಲಿ ನಿಂತೇ ಕುಡಿಯಿರಿ. ನಿಂತು ಕುಡಿದರೆ ಪಾಸ್ ಬೇಡ, ಕೂತು ಕುಡಿದರೆ ಬೇಕು. ವೈರಸ್ಸಿಗೆ ಈ ವ್ಯತ್ಯಾಸ ಯಾರು ಹೇಳಿಕೊಟ್ಟರೋ! ಇಟಲಿಯವರು ಮೊದಲಿಂದಲೂ ನಿಂತೇ ಕುಡಿಯುವವರು, ಹಾಗಾಗಿ ಯಾರೂ ಗೊಣಗಲಿಲ್ಲ.

ವಿಮಾನದಲ್ಲಿ ಮಧ್ಯದ ಸೀಟು ಖಾಲಿ ಬಿಡುವುದಿಲ್ಲ. ಗಾಳಿ ಸೋಸುವ ಹೆಪಾ ಫಿಲ್ಟರ್ ಇದೆ, ಎಲ್ಲರೂ ಮಾಸ್ಕ್ ಹಾಕಿದ್ದಾರೆ ಅನ್ನುವ ಆಧಾರದ ಮೇಲೆ ಎಲ್ಲ ಸೀಟನ್ನೂ ತುಂಬಿಸುತ್ತಾರೆ. 2020ರ ಜೂನ್ ಕೊನೆಯಲ್ಲಿ ಕೆಲವು ವಾರ ತಲೆಯ ಮೇಲಿನ ಡಬ್ಬಿಗೆ ಬ್ಯಾಗ್ ಹಾಕುವುದನ್ನೇ ನಿಷೇಧಿಸಿದ್ದರು, ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಅಂತ. ಈಗ ಹಾಕಬಹುದು. ಇಳಿಯುವಾಗ ಸಾಲು ಸಾಲಾಗಿ ಕರೆಯುತ್ತಾರೆ. ನಮ್ಮವರ ಹಾಗೆ ಚಕ್ರ ನೆಲ ಮುಟ್ಟಿದ ಕೂಡಲೇ ಎದ್ದು ನಿಲ್ಲುವ ಚಾಳಿ ಸಿಸಿಲಿಯವರಿಗೂ ಇದೆ, ಗಗನಸಖಿ ಗದರಿದಾಗ ಮಾತ್ರ ಕೂರುತ್ತಾರೆ.

ಕತಾನಿಯಾದಲ್ಲಿ ಇಳಿದ ಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲ ಕಾಲಕ್ಕೂ ಹೀಗೇ ಅಂತಲ್ಲ. ಮಾರ್ಚ್‌ನಲ್ಲಿ ಸಾರ್ಡಿನಿಯಾ ದ್ವೀಪ ಹೊರಗಿಂದ ಬಂದವರಿಗೆಲ್ಲ ನೋಂದಣಿ ಕಡ್ಡಾಯ ಮಾಡಿತ್ತು, ಲಸಿಕೆ ಆಗದವರಿಗೆ ಟೆಸ್ಟನ್ನೂ ಕೇಳುತ್ತಿತ್ತು. ಬಣ್ಣಗಳೂ ಮತ್ತೆ ಶುರುವಾಗಿವೆ, ಫ್ರಿಯುಲಿ ಪ್ರಾಂತ್ಯ ನವೆಂಬರ್ 29ಕ್ಕೆ ಹಳದಿಯಾಯಿತು. ಹೊರಡುವ ಹಿಂದಿನ ರಾತ್ರಿ ನೀವು ಹೋಗುವ ಪ್ರಾಂತ್ಯದ ವೆಬ್‌ಸೈಟನ್ನು ಒಮ್ಮೆ ನೋಡಿಬಿಡಿ.

ವಾಪಸಿನ ದಿನಕ್ಕೆ ಇನ್ನೊಂದು ಲೆಕ್ಕ ಇದೆ, ಅದಕ್ಕೂ ಕೋವಿಡ್‌ಗೂ ಸಂಬಂಧವಿಲ್ಲ. ಎಟ್ನಾ ಜ್ವಾಲಾಮುಖಿ ಈ ವರ್ಷ ಫೆಬ್ರುವರಿಯಿಂದ ಮತ್ತೆ ಮತ್ತೆ ಉಗುಳುತ್ತಿದೆ. ಬೂದಿ ಬಿದ್ದರೆ ಕತಾನಿಯಾದ ರನ್‌ವೇ ಗುಡಿಸುವವರೆಗೆ ವಿಮಾನ ಏಳುವುದಿಲ್ಲ. ಟೆಸ್ಟ್ ಪಾಸಿನಲ್ಲಿ ಇರುವವರು 48 ಗಂಟೆಯ ಕೊನೆಯ ಗಂಟೆಗೆ ಸರಿಯಾಗಿ ವಿಮಾನ ಇಟ್ಟುಕೊಳ್ಳಬೇಡಿ, ನಾಲ್ಕೈದು ಗಂಟೆಯಾದರೂ ಕೈಯಲ್ಲಿರಲಿ. ನಾನು ಉಳಿದಿದ್ದ ಮನೆಯ ಅಜ್ಜಿ ಬೆಳಿಗ್ಗೆ ಎದ್ದ ತಕ್ಷಣ ಬಾಲ್ಕನಿಯ ಕಂಬಿ ಮೇಲೆ ಬೆರಳು ಎಳೆದು ನೋಡುತ್ತಿದ್ದರು. ಬೆರಳು ಕಪ್ಪಾಗದಿದ್ದರೆ ‘ಇವತ್ತು ವಿಮಾನ ಇದೆ’ ಅನ್ನುತ್ತಿದ್ದರು.